ಬೂದುಬಣ್ಣದ ಸಾಲು

ಅಲ್ಲ, ಅಲ್ಲ, ಆ ಕುರ್ಚಿ ಬೇಡ ನೆದಿಸ್, ಅದರ ಕಾಲು ಮುರಿದಿದೆ. ಇದರಲ್ಲಿ ಕೂತ್ಕೋ. ನಿನ್ನ ತಮ್ಮ ಕೂರ್ತಿದ್ದದ್ದೂ ಇದರಲ್ಲೇ... ಹ್ಞಾಂ, ಹಾಗೆ. ಫ್ಯಾನ್ ನಿನ್ನ ಕಡೆ ತಿರುಗಿಸ್ಲಾ? ಬೇಡ್ವಾ. ಕಾಫಿ? ಅದೂ ಬೇಡ. ಸೋಮವಾರದಿಂದ ಆಸ್ಪತ್ರೆ ಬೆಂಚಿನ ಮೇಲೇ ಇದ್ದೀಯ, ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯೋ ಇಲ್ವೋ? ಬಾಳೆಕಾಯಿ ಕರಿದಿಟ್ಟಿದ್ದೀನಿ, ಇನ್ನೂ ಬಿಸಿ ಇದೆ... ಸರಿ ಬಿಡಮ್ಮ. ನಿನ್ನ ಕೆಲಸ ಮೊದಲು.

ಡಾಕ್ಟರು ಹಾಗಂದ್ರಾ ನಿಜವಾಗ್ಲೂ? ಪರಿಚಯದ ದನಿ ಕೇಳಿಸ್ತಾ ಇರಿ, ಎಚ್ಚರ ಆದ್ರೂ ಆಗಬಹುದು ಅಂತ? ಅವನಿಗೆ ಅವನ ದನೀನೇ ಕೇಳಿಸೋದು... ಆಗಬಹುದು, ಯಾಕಾಗಬಾರದು. ಎಲ್ಕಿನ್‌ಗೆ ತನ್ನ ಗಂಟಲು ಅಂದ್ರೆ ಪ್ರಾಣ. ಆದ್ರೆ ಈ ಬಿಸಿಲಲ್ಲಿ ನೀನೇ ಬರಬೇಕಿತ್ತಾ? ಹೇಳಿ ಕಳಿಸಿದ್ರೆ ನಾನೇ ಹಾಡನ್ನ ಪೆನ್‌ಡ್ರೈವ್‌ಗೆ ಹಾಕಿ... ಯಾಕೆ ನಗ್ತೀಯ? ನಗು, ನಗು. ಈ ಮುದುಕನಿಗೆ ಅಷ್ಟೂ ಬರಲ್ಲ ಅಂತ ತಾನೆ. ಬರಲ್ಲ. ಒಪ್ಕೊಂಡೆ. ನೀನು ರೇಡಿಯೋದಲ್ಲಿ ದಿನಾ ಇಂಥ ಕಂಪ್ಯೂಟರ್ ಮುಂದೇ ಕೂರೋಳು, ನಿಂಗೆ ಇದು ತಂಬಿಗೆ ನೀರು. ನಂಗೆ ಸಮುದ್ರ.

ತಡಿ, ಕಿಟಕಿ ಮುಚ್ತೀನಿ. ಈ ಗಲಾಟೆ... ಗೊತ್ತಾಯ್ತಲ್ಲ ಯಾರು ಅಂತ? ಮೊಂಚೊ. ಕೊಳದ ದಡದಲ್ಲಿ ಡಬ್ಬ, ತಂತಿ ಆಯ್ಕೊಂಡು ತಿರುಗ್ತಾನಲ್ಲ, ಆ ಕುಡುಕ. ಬೆಳಿಗ್ಗೆ ಅವನ ಚೀಲದಲ್ಲಿ ಎಲ್ಕಿನ್ ಫೋನ್ ಸಿಕ್ತು. ಈಗ ಬೇಸ್‌ಬಾಲ್ ಮೈದಾನದಲ್ಲಿ ಕಂಬಕ್ಕೆ ಕಟ್ಟಿದ್ದಾರೆ. ಬ್ಯಾಟುಗಳಂತೂ ಅಲ್ಲೇ ಇದಾವೆ. ಹುಡುಗರು ಬಂದು ನನ್ನ ಕೇಳಿದ್ರು, ಅಂಕಲ್, ಪೊಲೀಸರಿಗೆ ಹೇಳೋಣ್ವಾ ಅಂತ. ಪೊಲೀಸ್ ಬರೋ ತನಕ ನಿಮ್ಮ ಕೈಗೇನು ಲಕ್ವ ಹೊಡೆದಿದ್ಯಾ ಅಂದೆ. ಏನು ಹಾಗೆ ನೋಡ್ತೀಯ? ನಿನ್ನ ತಮ್ಮನ ತಲೆ ಒಡೆದವನು ಕಣೇ ಅವನು. ಅವನ ಹಲ್ಲು ಕಿತ್ತು ಅವನ ಅಂಗೈಗೇ ಕೊಡ್ಬೇಕು. ಹ್ಞಾಂ? ಚಿಕ್ಕೋಳಿದ್ದಾಗ ನಿಂಗೆ ಏಡಿ ಹಿಡಿದು ಕೊಡ್ತಿದ್ನಾ? ಕೊಟ್ಟಿರಬಹುದು. ಏಡಿ ಹಿಡಿಯೋನ ಚೀಲಕ್ಕೆ ಫೋನ್ ಹ್ಯಾಗೆ ಬಂತು, ಅದು ಹೇಳು.

ಬಿಡು. ಯಂತ್ರ ಹತ್ತಿಸು. ಆ ಗುಂಡಿ... ಹತ್ತಿತಾ. ನಂಗೆ ಇದನ್ನ ಕಂಡ್ರೆ ಸುತ್ತಿಗೆ ತಗೊಂಡು ನೆತ್ತಿ ಮೇಲೆ ಕುಟ್ಟೋಣ ಅನ್ಸುತ್ತೆ. ಸುಳ್ಳಲ್ಲ, ಒಂದು ಸಲ ತಂದೂ ಇದ್ದೆ ಸುತ್ತಿಗೆ. ಎಲ್ಕಿನ್ ಅಡ್ಡ ಬಂದ. ಪಾದ್ರೀನೊ, ಇದು ನಿಮ್ಮ ಮಾತು ಕೇಳಲ್ಲ, ನೀವೇ ಇದರ ಮಾತು ಕೇಳ್ಬೇಕು ಅಂದ. ನಾನು! ಚರ್ಚಿನಲ್ಲಿ ಅವನ ತಲೆಗೆ ನೀರು ಹಾಕಿಸುವಾಗ ಈ ತೋಳಲ್ಲಿ ಎತ್ಕೊಂಡಿದ್ದೋನು. ಅವನ ಪಾದ್ರೀನೊ, ದೇವರ ಮುಂದೆ ಅವನ ಎರಡನೇ ಅಪ್ಪ. ನಿಮ್ಮಪ್ಪ ಹೋದ ಮೇಲೆ ನಿಮಗಿಬ್ಬರಿಗೂ ಅಪ್ಪನ ಹಾಗಿದ್ದೋನು. ನಾನು ಡಬ್ಬದ ಮಾತು ಕೇಳ್ಬೇಕಂತೆ.

ನಿಂಗೆ ನೆನಪಿರಲ್ಲ ನೆದಿಸ್, ನನ್ನ ಕಾಲ. ಕಾರ್ತಹೇನದ ಈ ತುದಿಯಿಂದ ಆ ತುದಿವರೆಗೆ ಅರಿಸ್ತೀದೆಸ್ ಅಂದ್ರೆ ರಾಜ. ಈ ಗೋಡೆಯೆತ್ತರದ ಸ್ಪೀಕರ್ ಪೆಟ್ಟಿಗೆ, ನನ್ನ ಪಿಕೊ, ನನ್ನ 'ದೆವ್ವದ ದವಡೆ', ಬೀದೀಲಿ ತಂದು ನಿಲ್ಲಿಸಿದ್ರೆ ಸಾಕು, ಗರ್ಭದಲ್ಲಿರೋ ಮಕ್ಕಳು ಕುಣೀತಿದ್ವು. ಕತ್ತಲಲ್ಲಿ, ಬರೀ ಹೆಬ್ಬೆರಳಲ್ಲಿ ತಡವಿ ಗ್ರಾಮಫೋನ್ ತಟ್ಟೆ ಮೇಲೆ ಮುಳ್ಳು ಇಡ್ತಿದ್ದೆ, ಸರಿಯಾಗಿ ಹಾಡಿನ ಬಾಯಿಗೆ. ಬೇರೆ ಪಿಕೊದವನಿಗೆ ಹಾಡು ಯಾವುದು ಅಂತ ಗೊತ್ತಾಗಬಾರದು ಅಂತ ತಟ್ಟೆ ಮೇಲಿನ ಚೀಟಿ ಕೆರೆದು ಹಾಕ್ತಿದ್ದೆ. ಒಬ್ಬ ನನ್ನ ಹಾಡು ಕದ್ದು ಹಾಕ್ದ. ಅವನ ಪೆಟ್ಟಿಗೆ ಎದೆಗೇ ಚಾಕು ಹಾಕಿ ಹರಿದೆ, ಜನ ಎಲ್ಲ ನೋಡ್ತಿರೋ ಹಾಗೇ. ಅವನಿಗೂ ಹಾಕ್ತಿದ್ದೆ, ಓಡಿಬಿಟ್ಟ. ಮರ್ಯಾದೆ ಅಂದ್ರೆ ಹಾಗಿತ್ತು.

ಈಗ? ಈಗ ಈ ಗಾಜಿನ ಮುಂದೆ ನಾನು ಒಂದನೇ ಕ್ಲಾಸು. ಸಾಲುಗಳಂತೆ, ಒಂದರ ಕೆಳಗೆ ಒಂದು. ಒಂದರಲ್ಲಿ ಡ್ರಮ್ಮು, ಒಂದರಲ್ಲಿ ಗಿಟಾರು, ಒಂದರಲ್ಲಿ ಇವನ ಗಂಟಲು. ಮೇಲೆ ನೂರೆಂಟು ಗುಂಡಿ, ಒಂದು ಒತ್ತಿದ್ರೆ ಹತ್ತು ಕಿಟಕಿ ತೆರ್ಕೊಳ್ಳುತ್ತೆ. ನಾನು ಕೂತು ಕಲಿಯೋದು, ಬೆವರೋದು, ಮರೆಯೋದು. ಕೊನೆಗೆ ನಿನ್ನ ತಮ್ಮನೇ ಒಂದು ಉಪಾಯ ಮಾಡ್ದ. ನಿನ್ನ ಉಗುರು ಬಣ್ಣ ಕದ್ದು ತಂದು ಕೀಗಳಿಗೆ ಬಳಿದ. ನೋಡು, ಇನ್ನೂ ಇದೆ. ಈ ಗುಲಾಬಿ ಬಣ್ಣದ್ದು ಒತ್ತಿದ್ರೆ ರೆಕಾರ್ಡು, ಪರದೆ ಮೇಲೆ ಕೆಂಪು ದೀಪ ಹತ್ತುತ್ತೆ. ಈ ಉದ್ದದ್ದು, ಹಸಿರು, ಒತ್ತಿದ್ರೆ ಓಡುತ್ತೆ, ಇನ್ನೊಂದು ಸಲ ಒತ್ತಿದ್ರೆ ನಿಲ್ಲುತ್ತೆ. ಪಾದ್ರೀನೊ, ನಿಮಗೆ ಇವೆರಡು ಸಾಕು, ಬೇರೆ ಯಾವುದನ್ನೂ ಮುಟ್ಟಬೇಡಿ ಅಂದ.

ಅದೂ ಸರಿಯಾಗಿ ಬರಲಿಲ್ಲ ನಂಗೆ. ಗುಲಾಬಿ ಒತ್ತಿ ಮರೆತುಬಿಡೋದು. ಕೆಂಪು ಉರೀತಾನೇ ಇರೋದು, ನಾನು ಕೂತು ಯಂತ್ರಕ್ಕೆ ಬೈತಿರೋದು, ಆವಕಾಡೊ ಮಾರೋನು ಕೂಗೋದು, ನಾನು ಎದ್ದು ಹೋಗಿ ಅವನ ಜೊತೆ ಜಗಳ ಆಡೋದು, ಎಲ್ಲಾ ಸೇರ್ಕೊಂಡುಬಿಡೋದು. ಒಂದು ಸಲ ಊಟ ಆದ್ಮೇಲೆ ಬಿಟ್ಟ ತೇಗು... ಹ್ಞಾಂ, ಈಗ ನಕ್ಕೆ. ಸದ್ಯ. ಸೋಮವಾರದಿಂದ ಈಗ ಮನಸಾರೆ ನಗ್ತಿದ್ದೀಯ ನೀನು. ನಿಂಗೂ ಕೇಳಿಸಿದ್ನಾ ಅದನ್ನ?

ಎಲ್ಲಿ ಕೇಳಿದೆ? ಭಾನುವಾರ? ಭಾನುವಾರ ನೀನೂ ಕುಣಿಯೋಕೆ ಬಂದಿದ್ಯಾ?

ಓ. ಗೊತ್ತಿರಲಿಲ್ಲ. ನಾನು ಹಿಂದುಗಡೆ ಪೆಟ್ಟಿಗೆ ಹತ್ರ ಇದ್ದೆ. ಹಾಗಾದ್ರೆ ಕೇಳಿದೀಯ ಅಂತಾಯ್ತು. ಪಿಕೊ ಅಂದ್ಮೇಲೆ ಹಾಡಿನ ನಡುವೆ ಒಂದು ಕೂಗು ಇರ್ಬೇಕು, ಇದು ಇಂಥವನ ಪಿಕೊ, ಹುಷಾರು ಅಂತ. ನಂದು ಯಾವಾಗ್ಲೂ ಗುಡುಗಿನ ಸದ್ದು, ಆಮೇಲೆ 'ಬಂದ ರಾಜ ಅರಿಸ್ತೀದೆಸ್' ಅಂತ. ಭಾನುವಾರ ಆ ಜಾಗದಲ್ಲಿ ಎಲ್ಕಿನ್ ಏನು ಹಾಕಿದ್ದ? ನನ್ನ ತೇಗು. ನನ್ನ ಬೈಗುಳ. 'ಎಲ್ಲಿ ಸತ್ತಿದ್ಯೋ ಗುಂಡಿ, ಸೂಳೆಮಗನೆ, ಎಲ್ಲಿದೀಯೋ' ಅಂತ ನಾನು ಅಂಗಲಾಚೋದು... ಅದಕ್ಕೆ ತಾಳ ಹಾಕಿ, ಮತ್ತೆ ಮತ್ತೆ, ಮತ್ತೆ ಮತ್ತೆ. ಬೀದಿಗೆ ಬೀದೀನೇ ಹೊಟ್ಟೆ ಹಿಡ್ಕೊಂಡು ನಕ್ತು. ಬಜ್ಜಿ ಮಾರೋ ಮುದುಕಿ ಕೂಡ 'ಗುಂಡಿ ಎಲ್ಲಿದೀಯೋ' ಅಂತ ಕುಣಿದ್ಲು. ನನ್ನ ಪೆಟ್ಟಿಗೇಲಿ. ನನ್ನ ದವಡೇಲಿ.

ನಾನೂ ನಕ್ಕೆ. ನಗದೆ ಇನ್ನೇನು. ಚಿಕ್ಕ ಹುಡುಗರು, ತಮಾಷೆ. ಎಲ್ಲರಿಗಿಂತ ಜೋರಾಗಿ ನಕ್ಕೋನು ನಾನೇ. ಯಾಕೆ ಹಾಗೆ ದಿಟ್ಟಿಸ್ತೀಯ? ನಕ್ಕೆ ಅಂದ್ನಲ್ಲ.

ತಗೋ, ಹೆಡ್‌ಫೋನ್ ಹಾಕ್ಕೋ. ಇಲ್ಲ, ಪಿಕೊ ವೈರ್ ಕಿತ್ತಿಟ್ಟಿದ್ದೀನಿ, ಹುಡುಗ ಆಸ್ಪತ್ರೇಲಿರುವಾಗ ಅದು ಗುಡುಗೋದು ಸರಿಯಲ್ಲ. ಮೇಲಿಂದ ನಾಲ್ಕನೇ ಸಾಲು ಅವನ ಗಂಟಲು. ಅದಷ್ಟೇ ತಗೊಂಡು ಹೋಗು. ಹ್ಞಾಂ, ಹಸಿರು... ಓಡ್ತಿದೆ.

ಕೇಳಿಸ್ತಿದ್ಯಾ? ಅಳಬೇಡ. ಅಳಬೇಡ ಮಗಳೇ. ಏನು ಗಂಟಲು, ಅಲ್ವಾ? ಇದು ಸೋಮವಾರ ಮಧ್ಯಾಹ್ನದ್ದು. ಹಬ್ಬದ ರಜ, ಮೇಲೆ ಫುಟ್‌ಬಾಲ್ ಮ್ಯಾಚು, ಬೀದೀಲಿ ಒಂದು ನಾಯಿ ಇರಲಿಲ್ಲ. ಸದ್ದಿಲ್ಲ, ಈಗ್ಲೇ ಹಾಡ್ತೀನಿ ಪಾದ್ರೀನೊ ಅಂತ ಬಂದ. ಹಾಡಿದ. ಮುಗಿಸಿದ. ಚೀಲ ಹೆಗಲಿಗೆ ಹಾಕ್ಕೊಂಡು ಹೊರಟ. ಅಷ್ಟೇ. ಆಮೇಲೆ ನಾನು ಸಿಗರೇಟು ತರೋಣ ಅಂತ ಹೊರಗೆ ಹೋದಾಗ ಕೊಳದ ದಾರೀಲಿ ಬಿದ್ದಿದ್ದ, ತಲೆ ಒಡೆದು. ಈ ತೋಳಲ್ಲೇ ಎತ್ಕೊಂಡು, ದಾರೀಲಿ ಹೋಗ್ತಿದ್ದ ಬೈಕ್ ನಿಲ್ಲಿಸಿ, ಮಧ್ಯ ಕೂರಿಸ್ಕೊಂಡು ಆಸ್ಪತ್ರೆಗೆ... ನನ್ನ ಅಂಗಿ ನೋಡಿದ್ದೆ ತಾನೆ ನೀನು? ರಕ್ತದಲ್ಲಿ ಅದ್ದಿ ತೆಗೆದಂಗಿತ್ತು. ನೀನೇ ನನ್ನ ಕೈ ಹಿಡ್ಕೊಂಡು ಮುತ್ತಿಟ್ಟೆ.

ಆಯ್ತಲ್ಲ, ಮುಗೀತು. ಅದನ್ನ ಪೆನ್‌ಡ್ರೈವ್‌ಗೆ... ಕೆಳಗೆ ಯಾಕೆ ಹೋಗ್ತೀಯ? ಕೆಳಗೆ ಏನೂ ಇಲ್ಲ.

ಅದಾ? ಅದು ಕಸ. ಕಾಣ್ತಿಲ್ವಾ, ಬೂದುಬಣ್ಣ ಆಗಿದೆ. ಅಳಿಸಿದ್ದೀನಿ. ನಾನೇ ಅಳಿಸಿದ್ದು, ನಂಗೂ ಬರುತ್ತೆ ಒಂದೊಂದು. ಎಂ ಅಕ್ಷರ ಒತ್ತಿದ್ರೆ ಸಾಲು ಬೂದಿ ಆಗುತ್ತೆ, ಸತ್ತುಹೋಗುತ್ತೆ. ಹಸಿರು ಒತ್ತಿ ನೋಡಿದೆ, ಒಂದು ಉಸಿರೂ ಬರಲ್ಲ ಅದರಿಂದ. ಯಾರು ಹೇಳ್ಕೊಟ್ರು? ಇನ್ಯಾರು, ನಿನ್ನ ತಮ್ಮ. ಅವನು ಕಲಿಸಿದ ಕೊನೇ ಪಾಠ ಅದು... ಅಂದ್ರೆ, ಕೊನೇದಾಗಿ ಕಲಿಸಿದ್ದು. ಬಾಯಿ ತಪ್ಪಿ ಬಂತು. ಅವನು ಎದ್ದು ಬಂದು ಇನ್ನೂ ಕಲಿಸ್ತಾನೆ.

ಯಾಕೆ ಕೀಲಿಮಣೆ ನೋಡ್ತೀಯ? ಎಂ ಮೇಲಾ? ಅದೂ ನಿನ್ನ ಉಗುರು ಬಣ್ಣವೇ. ಇರಬೇಕು. ಗುಲಾಬಿ ಒಣಗಿ ಕಂದು ಆಗಿರುತ್ತೆ. ಕೆರೀಬೇಡ. ಉಗುರಲ್ಲಿ ಕೆರೀಬೇಡ ಅಂದೆ, ಉದುರಿ ಹೋಗುತ್ತೆ.

ಒತ್ತಬೇಡ.

ಅದಕ್ಕೆ ಬಣ್ಣ ಬಂತಲ್ಲ. ನೀಲಿ ಆಯ್ತು. ಯಾಕೆ ಬಂತು ನೆದಿಸ್? ಸತ್ತ ಸಾಲು ಅದು. ಏನು ಮಾಡ್ದೆ ನೀನು? ನೀನು ಒತ್ತಿದ್ದೂ ಎಂ ತಾನೆ? ನಾನು ಒತ್ತಿದ್ದೂ ಅದೇ. ಹೆಡ್‌ಫೋನ್ ಒಂದು ಕಿವಿಯಿಂದಾದ್ರೂ ತೆಗಿ, ನಾನು ಹೇಳೋದು ಕೇಳಿಸ್ತಿದ್ಯಾ? ಈ ದೀಪಗಳು ಯಾಕೆ ಕುಣೀತಿದಾವೆ? ನಂಗೆ ಒಂದು ಸದ್ದೂ ಬರ್ತಿಲ್ಲ ಇಲ್ಲಿ. ಏನು ಕೇಳ್ತಿದ್ದೀಯ ನೀನು?

ಆ ಎತ್ತರದ ಗೆರೆಗಳಾ? ಎತ್ತರ ಅಂದ್ರೆ ಜೋರು ಸದ್ದು ಅಷ್ಟೇ. ಗೋಲ್ ಆಗಿರುತ್ತೆ, ಜನ ಕಿರುಚಿರ್ತಾರೆ. ಮ್ಯಾಚ್ ಇತ್ತು ಅಂದ್ನಲ್ಲ... ಆಗಲಿಲ್ವಾ? ಒಂದೂ ಗೋಲ್ ಆಗಲಿಲ್ವಾ? ಹ್ಞೂಂ, ನೀನೇ ರೇಡಿಯೋದಲ್ಲಿ ಓದಿರ್ತೀಯ. ಹಾಗಾದ್ರೆ ಪಟಾಕಿ. ಕುರ್ಚಿ. ಆ ಕುರ್ಚಿ ಬಿತ್ತು, ಕಾಲು ಮುರೀತು, ಆವಾಗ್ಲೇ ಹೇಳಿದ್ನಲ್ಲ ಕಾಲು ಮುರಿದಿದೆ ಅಂತ. ಮೂರು ಬೆರಳು ಯಾಕೆ ತೋರಿಸ್ತೀಯ? ಕುರ್ಚಿ ಬಿದ್ರೆ ಮೂರು ಸಲ ಸದ್ದಾಗಬಾರದಾ?

ಹಾಗೆ ನೋಡಬೇಡ ನನ್ನ.

ನೋಡು, ಹೇಳ್ತೀನಿ. ನೀನು ಈಗ ಕೇಳಿದ್ದಕ್ಕೂ ಮೊದಲು ಒಂದು ಸಲ ಹಾಡಿದ್ದ, ಅದು ಇದಕ್ಕಿಂತ ಚೆನ್ನಾಗಿತ್ತು. ಮೈ ಜುಮ್ ಅಂತು. ನಾನು ನಿಲ್ಲಿಸೋಕೆ ಹೋಗಿ ಬೇರೇನೋ ಒತ್ತಿದೆ, ಇಡೀ ಹಾಡು ಮಾಯ. ಅವನು ಬೈದಿದ್ರೆ ತಡ್ಕೊಳ್ತಿದ್ದೆ. ಬೈಲಿಲ್ಲ ಕಣೇ. ನಕ್ಕ. ಎರಡನೇ ಸಲ ಹಾಡಿದ. ಅದಾದ್ಮೇಲೆ ಮೂರನೇ ಸಲಕ್ಕೆ ಅಂತ ಅವನು ಕೆಳಗೆ ಹೊಸ ಸಾಲು ತೆರೆದ, ನಾನು ಗುಲಾಬಿ ಒತ್ತಿದೆ; ಕೆಂಪು ಉರೀತಾನೇ ಇರುವಾಗ, ನನ್ನ ಹೆಗಲ ಮೇಲೆ ಕೈ ಹಾಕಿ ಹೇಳ್ದ. ಪಾದ್ರೀನೊ, ಬಿಟ್ಬಿಡಿ, ನಿಮ್ಮಿಂದ ಆಗಲ್ಲ. ಮುಂದಿನ ಭಾನುವಾರದಿಂದ ಪಿಕೊ ನಾನು ನೋಡ್ಕೋತೀನಿ, ನೀವು ಆ ಕಡೆ ಕುರ್ಚಿ ಹಾಕ್ಕೊಂಡು ಬಿಯರ್ ಕುಡೀತಾ ಕೂತ್ಕೊಳ್ಳಿ, ನಿಮ್ಮ ದನಿ ಹೇಗೂ ಹಾಕ್ತೀನಲ್ಲ ಅಂದ. ನನ್ನ ದನಿ. ಆ ತೇಗು. ನನ್ನ ಪಿಕೊ, ನನ್ನ ಹೆಸರು, ನನ್ನ ಬದುಕು... ಕೊನೆಗೆ ಉಳಿಯೋದು ಆ ತೇಗು.

ಮೈಕ್ ಸ್ಟ್ಯಾಂಡ್ ಕೈಗೆ ಸಿಕ್ತು. ಅದರ ಬುಡ ಕಬ್ಬಿಣ. ಮೈಯೆಲ್ಲ ಉರೀತಿತ್ತು. ಅವನ ತಲೆ ಅಂತ ಅಲ್ಲ ಕಣಮ್ಮ, ಆ ನಗು... ಆ ನಗೂಗೆ ಹೊಡೆದೆ. ಅದು ನಿಲ್ಲೋ ತನಕ ಹೊಡೆದೆ.

ಹ್ಞೂಂ. ಮೂರು.

ಆದ್ರೆ ಎತ್ಕೊಂಡು ಹೋದೋನೂ ನಾನೇ. ಅದು ಸುಳ್ಳಲ್ಲ. ಆಸ್ಪತ್ರೆಗೆ ಓಡಿಸ್ಕೊಂಡು... ಸಾಕು ನಿಲ್ಲಿಸು ಈಗ. ಎತ್ತರದ ಗೆರೆ ಮುಗೀತಲ್ಲ, ಆಮೇಲೆ ಎಲ್ಲ ಸಪಾಟು. ಸಪಾಟಲ್ಲಿ ಏನಿದೆ ಅಂತ ಕೇಳ್ತಾ ಕೂತಿದ್ದೀಯ? ನಲ್ಲಿ ನೀರು. ನೆಲ ಉಜ್ಜೋ ಸದ್ದು. ಸ್ಟ್ಯಾಂಡ್ ತೊಳೆದೆ, ನೆಲ ಒರೆಸಿದೆ, ಫೋನ್ ಹಿತ್ತಲಿಂದ ಕೊಳಕ್ಕೆ ಎಸೆದು ಬಂದೆ... ಮೊಂಚೊ ಅದನ್ನ ಹೆಕ್ತಾನೆ ಅಂತ ನಂಗೆ ಕನಸು ಬಿದ್ದಿತ್ತಾ? ಬೆಳಿಗ್ಗೆ ಹುಡುಗರು ಅವನನ್ನ ಎಳ್ಕೊಂಡು ಬಂದಾಗ, ದೇವರೇ ಕಳಿಸಿದ ಅನ್ಕೊಂಡೆ. ಹೌದು, ಅನ್ಕೊಂಡೆ.

ಆ ಸಣ್ಣ ಸಣ್ಣ ಗೆರೆಗಳಾ, ಸಪಾಟಿನ ಮೇಲೆ ಗುಬ್ಬಿ ಹೆಜ್ಜೆ ಥರ... ಅದು ಅವನು. ನೀರು ಕೇಳ್ತಿದ್ದ. ಕೊಡ್ತೀನಿ ತಡಿ ಅಂದೆ. ಆಮೇಲೆ ಎತ್ಕೊಂಡು ಹೋಗ್ತೀನಿ ತಡಿ ಅಂದೆ. ಯಾಕಂದ್ರೆ ಆಗ ನೋಡ್ದೆ, ಪರದೆ ಮೇಲೆ ಕೆಂಪು ಉರೀತಿತ್ತು. ಮತ್ತೆ ಮರೆತಿದ್ದೆ. ನಾನು ಉಸಿರು ಬಿಟ್ರೂ ಗೆರೆ ಬರ್ಕೊಳ್ತಿತ್ತು ಹಾಳಾದ್ದು. ಅವನನ್ನ ಮುಟ್ಟಿ ಮತ್ತೆ ಕೈಯೆಲ್ಲ ರಕ್ತ, ಅಳಿಸೋ ಗುಂಡಿ ಯಾವುದು ಅಂತ ತಿಳೀಲಿಲ್ಲ. ಇದ್ದಿದ್ದು ನಾವಿಬ್ಬರೇ. ಅವನ ಪಕ್ಕ ಕೂತು, ಅವನ ಕಿವಿ ಹತ್ರ ಬಗ್ಗಿ ಅವನನ್ನೇ ಕೇಳಿದೆ. ಹೇಳು ಎಲ್ಕಿನ್, ಇದನ್ನ ಅಳಿಸೋದು ಹೇಗೆ ಅಂತ. ಹೇಳಿದ್ರೆ ಈಗ್ಲೇ ಆಸ್ಪತ್ರೆಗೆ ಎತ್ಕೊಂಡು ಹೋಗ್ತೀನಿ ಅಂತ. ಹೇಳ್ದ. ಹಸಿರು ಒತ್ತಿ ನಿಲ್ಲಿಸಿ ಪಾದ್ರೀನೊ, ಆಮೇಲೆ ಎಂ ಒತ್ತಿ, ಪೂರ್ತಿ ಹೋಗುತ್ತೆ ಅಂದ. ಒಳ್ಳೇ ಹುಡುಗ. ಅಷ್ಟಾದ್ರೂ ನನ್ನ ಕೈ ಬಿಡಲಿಲ್ಲ. ಒತ್ತಿದೆ. ಬೂದಿ ಆಯ್ತು. ಎತ್ಕೊಂಡು ಓಡಿದೆ. ಕೊಟ್ಟ ಮಾತು ಉಳಿಸ್ಕೊಂಡೆ ನಾನು...

ಯಾಕೆ ನಗ್ತೀಯ?

ನೆದಿಸ್. ಕಣ್ಣಲ್ಲಿ ನೀರು ಸುರೀತಿದೆ, ಯಾಕೆ ನಗ್ತೀಯ? ಅವನೂ ಹೀಗೇ... ಎಂ ಅಂತ ಹೇಳಿ ಅವನೂ ಹೀಗೇ ತುಟಿ ಓರೆ ಮಾಡಿದ. ನೋವಿಗೆ ಮುಖ ಕಿವುಚಿದ ಅನ್ಕೊಂಡಿದ್ದೆ ನಾನು. ನಕ್ಕಿದ್ನಾ? ಬಾಯ್ತುಂಬ ರಕ್ತ ಇಟ್ಕೊಂಡು, ನೆಲದ ಮೇಲೆ ಬಿದ್ಕೊಂಡು, ನನ್ನ ನೋಡಿ ನಕ್ಕಿದ್ನಾ?

ಎಂ ಒತ್ತಿದ್ರೆ ಅಳಿಸಲ್ವಾ? ಬರೀ ಸದ್ದು ಅಡಗುತ್ತಾ? ಒಂದು ಮಾತು ಹೇಳೇ. ಅದು ಅಲ್ಲೇ ಇತ್ತಾ, ಇಷ್ಟು ದಿನ, ನನ್ನ ಕಣ್ಣ ಮುಂದೆ? ಅವನಿಗೆ ಗೊತ್ತಿತ್ತು. ನೀನು ಬಂದು ಕೂರ್ತೀಯ, ಕೆಳಗೆ ನೋಡ್ತೀಯ ಅಂತ ಗೊತ್ತಿತ್ತು. ನಂಗೆ ಬರಲ್ಲ ಅಂತಾನೂ ಗೊತ್ತಿತ್ತು.

ಹೆಡ್‌ಫೋನ್ ತೆಗೆದೆಯಾ. ಒಳ್ಳೇದಾಯ್ತು. ಈಗ ಕೂತು ಮಾತಾಡೋಣ. ಬೈ. ಕೆನ್ನೆಗೆ ಬಾರಿಸು. ಆ ಸ್ಟ್ಯಾಂಡ್ ಮೂಲೇಲೇ ಇದೆ, ತಗೋ, ನಿನ್ನ ಕೈ ಹಿಡಿಯಲ್ಲ ನಾನು. ಏನಾದ್ರೂ ಮಾಡು... ಎಲ್ಲಿಗೆ ಎದ್ದೆ? ಕಿಟಕಿ ಯಾಕೆ ತೆಗೀತೀಯ? ಮೊಂಚೊ ಕಿರುಚೋದು ಕೇಳುತ್ತೆ, ಮುಚ್ಚು ಅದನ್ನ.

ಅದು ಪಿಕೊ ವೈರ್. ಅದನ್ನ ಅಲ್ಲಿ ಚುಚ್ಚಬೇಡ ನೆದಿಸ್. ಅದು ನನ್ನ 'ದೆವ್ವದ ದವಡೆ', ಅದರ ಸದ್ದು ನಿಂಗೆ ಗೊತ್ತಿಲ್ಲ, ಮೈದಾನ ದಾಟಿ ಕೊಳದ ಆಚೆ ದಡದವರೆಗೆ ಕೇಳುತ್ತೆ. ಎಲ್ಲರೂ ಅಲ್ಲೇ ಇದ್ದಾರೆ. ಕೈಯಲ್ಲಿ ಬ್ಯಾಟ್ ಇದೆ ಅವರ. ನಾನೇ ಅಲ್ವಾ ಅವರಿಗೆ ಹೇಳಿದ್ದು, ಪೊಲೀಸ್ ಬರೋ ತನಕ ಕಾಯಬೇಡಿ ಅಂತ...

ಬೆರಳು ತೆಗಿ ಮಗಳೇ. ಹಸಿರು ಒತ್ತಬೇಡ. ಹಸಿರು ಒತ್ತಿದ್ರೆ ಏನಾಗುತ್ತೆ ಅಂತ ನಂಗೆ ಗೊತ್ತು. ಅದೊಂದನ್ನ ಕಲ್ತಿದ್ದೀನಿ.